ನಾಳೆ ಬಾ ಎಂದದ್ದು ಯಾರಿಗೆ?

ನಮ್ಮ ದೆವ್ವದ ಸಿನಿಮಾಗಳ ಮೇಲೆ ನನಗಿರುವ ತಕರಾರು ಅವು ಮೂಢನಂಬಿಕೆ ಬಿತ್ತುತ್ತವೆ ಎಂಬುದಲ್ಲ. ಆ ಮಾತು ಹೇಳಲು ಬೇಕಾದಷ್ಟು ಜನ ಇದ್ದಾರೆ. ನನ್ನ ತಕರಾರು ಕ್ಯಾಮೆರಾ ನಿಲ್ಲುವ ಜಾಗದ ಬಗ್ಗೆ. ಅದು ಮನೆಯ ಒಳಗೆ, ಅದರಲ್ಲೂ ದೊಡ್ಡ ಮನೆಯ ಒಳಗೆ ನಿಂತಿರುತ್ತದೆ. ಹೆದರುವ ಹಕ್ಕು ವಾಡೆಯವರದು, ಹೆದರಿಸುವ ಕೆಲಸ ಹೊಸ್ತಿಲ ಹೊರಗಿನವರದು.

'ಆಪ್ತಮಿತ್ರ' (2004) ನೋಡಿ. ಮಲಯಾಳಂ ಮೂಲವಾದ 'ಮಣಿಚಿತ್ರತಾಳ್' (1993) ಚಿತ್ರದಲ್ಲಿ ನಾಗವಲ್ಲಿ ತಂಜಾವೂರಿನಿಂದ ಬಂದ ತಮಿಳು ನರ್ತಕಿ. ಕನ್ನಡಕ್ಕೆ ಬಂದಾಗ ತೆಲುಗಿನವಳಾದಳು. ಹಿಂದಿಯ 'ಭೂಲ್ ಭುಲೈಯಾ' (2007) ಚಿತ್ರದಲ್ಲಿ ಅವಳು ಬಂಗಾಳಿ ಮಂಜುಲಿಕಾ. ಕಥೆ ಊರು ಬದಲಿಸಿದ ಹಾಗೆ ಮನೆಯ ಯಜಮಾನ, ಡಾಕ್ಟರು, ಅಡುಗೆಯವರು ಎಲ್ಲ ಸ್ಥಳೀಯರಾಗುತ್ತಾರೆ. ದೆವ್ವ ಮಾತ್ರ ಬೇರೆ ಭಾಷೆಯವಳೇ ಆಗಬೇಕು, ಕುಣಿಯುವವಳೇ ಆಗಬೇಕು. ಕೊಂದವನು ಆ ಮನೆಯ ಒಡೆಯ, ನಾವು ಬೆಚ್ಚುವುದು ಸತ್ತವಳ ಗೆಜ್ಜೆಗೆ. ಹಾಗೆ ನೋಡಿದರೆ ಆ ಕಥೆಯಲ್ಲಿ ದೆವ್ವವೇ ಇಲ್ಲ, ಇರುವುದು ಮನೋರೋಗ. ಆದರೂ ಬಿಡುಗಡೆಗೆ ಮೊದಲೇ ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ, ಮುಂದೆ 'ಆಪ್ತರಕ್ಷಕ' ತೆರೆಗೆ ಬರುವ ಮುನ್ನ 2009ರ ಡಿಸೆಂಬರ್‌ನಲ್ಲಿ ವಿಷ್ಣುವರ್ಧನ್ ಹೋದಾಗ, ನಾಗವಲ್ಲಿಯ ಕಾಟ ಎಂದು ಮಾತಾಡಿಕೊಂಡೆವು. ಕಥೆಯಲ್ಲೂ ಇಲ್ಲದ ಒಬ್ಬ ಕುಣಿಯುವವಳ ಮೇಲೆ ಎರಡು ಸಾವಿನ ಆರೋಪ!

ಬಾದಾಮಿ ಕಡೆಯವರಿಗೆ ಈ ನಡತೆ ಹೊಸದೇನಲ್ಲ. ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ಡೇರೆ ಹಾಕುತ್ತವೆ. ರಾತ್ರಿ ಶಿಳ್ಳೆ ಹೊಡೆದವರೇ ಬೆಳಗಾದರೆ ಆ ನಟಿಗೆ ಬಾಡಿಗೆ ಮನೆ ಕೊಡಲು ಹಿಂದೆಮುಂದೆ ನೋಡುತ್ತಾರೆ.

ಇನ್ನು 'ಕಲ್ಪನಾ' (2012). ತಮಿಳಿನ 'ಕಾಂಚನಾ' (2011) ಚಿತ್ರದ ರೀಮೇಕು, ನಾಯಕ ಉಪೇಂದ್ರ. ಲಿಂಗತ್ವ ಅಲ್ಪಸಂಖ್ಯಾತೆಯೊಬ್ಬಳು ಆಸ್ಪತ್ರೆಗೆಂದು ಕೊಂಡ ಜಾಗವನ್ನು ರಾಜಕಾರಣಿ ನುಂಗುತ್ತಾನೆ, ಅವಳನ್ನು ಕೊಲ್ಲುತ್ತಾನೆ. ಫ್ಲ್ಯಾಶ್‌ಬ್ಯಾಕಿನಲ್ಲಿ ಅವಳಾಗಿ ಬರುವವರು ಸಾಯಿಕುಮಾರ್. ತಮಿಳಿನಲ್ಲಿ ಶರತ್‌ಕುಮಾರ್, ಹಿಂದಿಯ 'ಲಕ್ಷ್ಮಿ' (2020) ಚಿತ್ರದಲ್ಲಿ ಶರದ್ ಕೇಳ್ಕರ್. ಮೂರು ಭಾಷೆಯಲ್ಲೂ ಆ ಪಾತ್ರಕ್ಕೆ ಗಂಡಸರೇ ಸಿಕ್ಕರು. ಅದಿರಲಿ. ದೆವ್ವ ಹಿಡಿದದ್ದು ಮನೆಯವರಿಗೆ ಗೊತ್ತಾಗುವುದು ಹೇಗೆ? ಮಗ ಸೀರೆ ಉಟ್ಟುಕೊಳ್ಳುತ್ತಾನೆ, ಅರಿಸಿನ ಹಚ್ಚಿಕೊಳ್ಳುತ್ತಾನೆ, ನಡಿಗೆ ಬದಲಾಗುತ್ತದೆ. ಅಂದರೆ ಗಂಡು ಹೆಣ್ಣಿನಂತಾಗುವುದೇ ಇಲ್ಲಿ ಭಯ, ಅದೇ ನಗೆ. ಥಿಯೇಟರಿನಲ್ಲಿ ಕಿರುಚಿದ್ದೂ ನಕ್ಕದ್ದೂ ಅದಕ್ಕೇ.

ಇಳಕಲ್ಲಿನ ನಮ್ಮ ಓಣಿಗೆ ಮಂಗಳವಾರ, ಶುಕ್ರವಾರ ಜೋಗಪ್ಪ ಬರುತ್ತಾರೆ. ತಲೆ ಮೇಲೆ ಎಲ್ಲಮ್ಮನ ಜಗ, ಹಣೆಗೆ ಭಂಡಾರ, ಮೈಮೇಲೆ ನಮ್ಮೂರ ಕೆಂಪು ಸೆರಗಿನ ಸೀರೆ. ಅವ್ವ ಮರದಲ್ಲಿ ಜೋಳ ತಂದು ನೀಡಿ ಕೈ ಮುಗಿಯುತ್ತಾಳೆ. ಸಿನಿಮಾ 'ದೆವ್ವ ಬಂದಿದೆ' ಎನ್ನುವುದಕ್ಕೆ ನಮ್ಮವ್ವ 'ಎಲ್ಲಮ್ಮ ಮೈಮ್ಯಾಲೆ ಬಂದಾಳ' ಎನ್ನುತ್ತಾಳೆ. ಹಾಗೆಂದು ಊರನ್ನು ಮೆರೆಸುವ ಉದ್ದೇಶ ನನಗಿಲ್ಲ. ಅದೇ ಎಲ್ಲಮ್ಮನ ಹೆಸರಲ್ಲಿ ದಲಿತ ಕೇರಿಯ ಹುಡುಗಿಯರಿಗೆ ಮುತ್ತು ಕಟ್ಟುವುದನ್ನು ತಡೆಯಲು 1982ರಲ್ಲಿ ಕಾಯಿದೆಯನ್ನೇ ತರಬೇಕಾಯಿತು. ಕೈ ಮುಗಿಯುವ ಅವ್ವನೂ ಜೋಗಪ್ಪನನ್ನು ಒಳಗೆ ಕರೆದು ಚಾ ಕೊಟ್ಟದ್ದನ್ನು ನಾನು ನೋಡಿಲ್ಲ. ಮಂಜಮ್ಮ ಜೋಗತಿಯವರು 2021ರಲ್ಲಿ ಪದ್ಮಶ್ರೀ ಪಡೆದಾಗ ಟಿವಿ ಮುಂದೆ ಚಪ್ಪಾಳೆ ತಟ್ಟಿದವಳೂ ಅವಳೇ.

'ಸರ್, ಕೊನೆಗೆ ಅವಳು ಸೇಡು ತೀರಿಸಿಕೊಳ್ಳುತ್ತಾಳಲ್ಲ, ಅದು ನ್ಯಾಯವಲ್ಲವೇ?' ಎಂದು ಹುನಗುಂದದ ವಿದ್ಯಾರ್ಥಿಯೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಆದರೆ ಆ ನ್ಯಾಯ ಸಿಗಲು ಆಕೆ ಮೊದಲು ಸಾಯಬೇಕು, ಆಮೇಲೆ ಕುರೂಪಿಯಾಗಬೇಕು, ಅದಾದ ಮೇಲೆ ನಾಯಕನ ಮೈ ಎರವಲು ಪಡೆಯಬೇಕು. ಬದುಕಿದ್ದಾಗ ಆಕೆ ಠಾಣೆಗೆ ಹೋಗಿ ದೂರು ಕೊಟ್ಟು ಜಾಗ ಬಿಡಿಸಿಕೊಳ್ಳುವ ಸಿನಿಮಾಕ್ಕೆ ನಾವು ಟಿಕೆಟ್ ತೆಗೆಸುತ್ತೇವೆಯೇ?

ಬೇರೆ ದಾರಿ ಇಲ್ಲವೆಂದಲ್ಲ. ಅಮೆರಿಕದ 'ಗೆಟ್ ಔಟ್' (2017) ಕರಿಯ ಹುಡುಗನೊಬ್ಬ ಬಿಳಿಯರ ಸಂಭಾವಿತ ಮನೆಗೆ ಹೋಗಿ ಹೆದರುವ ಕಥೆ. ಮಲಯಾಳಂನ 'ಭ್ರಮಯುಗಂ' (2024) ಚಿತ್ರದಲ್ಲಿ ಕೆಳಜಾತಿಯ ಹಾಡುಗಾರ ಒಂದು ಮನೆಯಲ್ಲಿ ಸಿಕ್ಕಿಬೀಳುತ್ತಾನೆ. ಅಲ್ಲಿ ಭೂತವಿರುವುದು ಯಜಮಾನನ ಪೀಠದ ಮೇಲೆ. ಕ್ಯಾಮೆರಾ ಹೊಸ್ತಿಲ ಈಚೆಗೆ ಬಂದರೆ ಸಾಕು, ಯಾರು ಯಾರಿಗೆ ಹೆದರುತ್ತಾರೆ ಎಂಬ ಲೆಕ್ಕವೇ ತಿರುಗುತ್ತದೆ.

ತೊಂಬತ್ತರ ದಶಕದಲ್ಲಿ ರಾಜ್ಯದ ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರು. ಹಿಂದಿಯ 'ಸ್ತ್ರೀ' (2018) ಆ ನಂಬಿಕೆಯನ್ನು ಚಂದೇರಿಗೆ ಒಯ್ದು ದುಡ್ಡು ಮಾಡಿತು. ನಮ್ಮ ಜಿಲ್ಲೆಯ ಮುಳುಗಡೆ ಜನಕ್ಕೆ ಆ ಎರಡು ಶಬ್ದ ಚೆನ್ನಾಗಿ ಗೊತ್ತು, ಪರಿಹಾರ ಕೇಳಲು ಹೋದಾಗಲೆಲ್ಲ ಕೇಳಿಸಿಕೊಂಡಿದ್ದಾರೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋದವು, ಜನ ನವನಗರದ ಸೆಕ್ಟರುಗಳಿಗೆ ಬಂದರು. ಈಗ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇದೆ. ಆ ಸಂಖ್ಯೆ ನೆನೆದರೆ ನಿದ್ದೆ ಬಾರದ ಹಳ್ಳಿಗಳು ಇಲ್ಲಿವೆ. ಹಾಡು ತೆಗೆಯಲು ಬಾದಾಮಿಯ ಗುಹೆಗಳ ತನಕ ಬರುವ ಕ್ಯಾಮೆರಾ ಆ ಹಳ್ಳಿಗಳಿಗೆ ರಾತ್ರಿ ಹೊತ್ತು ಬಂದದ್ದನ್ನು ನಾನಂತೂ ಕಂಡಿಲ್ಲ.