ಕಠಾರಿ ಹಿಡಿಯಲ್ಲಿರುವುದು ಯಾವ ದೇವರು? ನೋಡಿ ಹೇಳಿ, ಕೇಳಿ ಹೇಳಬೇಡಿ

ಕಳೆದ ವಾರ ಬೆಂಗಳೂರಿನ ಕುಕ್ ಟೌನಿನಲ್ಲಿ ಪರಿಚಯದವರೊಬ್ಬರ ಮನೆಗೆ ಹೋಗಿದ್ದೆ. ಹಜಾರದ ಗೋಡೆಯ ಮೇಲೆ ಹಳೆಯ ಕಠಾರಿ ಇತ್ತು. ಹಿತ್ತಾಳೆ ಹಿಡಿಯ ತುದಿಯಲ್ಲಿ ಬಾಯಿ ತೆರೆದ ಸಿಂಹದ ಮುಖ. "ಉಗ್ರ ನರಸಿಂಹ ಸಾರ್, ಅದಕ್ಕೇ ರೇಟು ಜಾಸ್ತಿ" ಎಂದು ಮಾರಿದವರು ಹೇಳಿದ್ದರಂತೆ.

ಕೈಗೆ ತೆಗೆದುಕೊಂಡು ನೋಡಿದೆ. ಮನುಷ್ಯನ ಮೈ ಇಲ್ಲ, ತೊಡೆಯ ಮೇಲೆ ಹಿರಣ್ಯಕಶಿಪು ಇಲ್ಲ. ಸಿಂಹದ ಮೈ, ನಾಲ್ಕು ಕಾಲು, ಮುಖದಲ್ಲಿ ಚಿಕ್ಕ ಸೊಂಡಿಲು. ಅದು ಯಾಳಿ. ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ಕಂಬಗಳಲ್ಲಿ ನೀವೂ ನೋಡಿರುತ್ತೀರಿ.

ಮುಖ ನೋಡಿ ಹೆಸರಿಡುವುದೇ ನಮ್ಮ ತಪ್ಪು. ಹಿಡಿಯ ಮೇಲಿನ ಕೆತ್ತನೆ ಹೆಬ್ಬೆರಳಷ್ಟಿರುತ್ತದೆ, ಕೈ ತಾಗಿ ತಾಗಿ ಸವೆದಿರುತ್ತದೆ. ಹಾಗಾಗಿ ಮೈ, ಕೈಯಲ್ಲಿರುವುದು, ಮಾಡುತ್ತಿರುವ ಕೆಲಸ ನೋಡಬೇಕು. ಕೊಕ್ಕು, ರೆಕ್ಕೆ, ಮುಗಿದ ಕೈ ಇದ್ದರೆ ಗರುಡ. ಬಾಲ ಮೇಲೆತ್ತಿ ಗದೆ ಹಿಡಿದಿದ್ದರೆ ಹನುಮಂತ. ಒಂದೇ ಮೈಗೆ ಎರಡು ಹಕ್ಕಿ ತಲೆ ಇದ್ದರೆ ಗಂಡಭೇರುಂಡ. ಮೈಯೇ ಇಲ್ಲದೆ ಬರೀ ಮುಖವಿದ್ದರೆ ಕೀರ್ತಿಮುಖ. ಮೊಸಳೆ ಬಾಯಿಗೆ ಸೊಂಡಿಲು ಸೇರಿದ್ದರೆ ಮಕರ. ಕುಕ್ ಟೌನಿಗೆ ಹತ್ತಿರದ ಹಲಸೂರು ಸೋಮೇಶ್ವರ ದೇವಸ್ಥಾನದಲ್ಲಿ ರಾವಣ ಕೈಲಾಸ ಎತ್ತುವ ಶಿಲ್ಪವಿದೆ. ಅಲ್ಲಿ ಯಾರೂ ಮುಖ ನೋಡಿ ರಾವಣ ಎನ್ನುವುದಿಲ್ಲ, ಎತ್ತಿದ ಬೆಟ್ಟ ನೋಡಿ ಹೇಳುತ್ತಾರೆ.

ಹಳೇ ಹಿಡಿಯಲ್ಲೆಲ್ಲ ದೇವರು ಇರಲೇಬೇಕು ಅಂತಲೂ ಇಲ್ಲ. ಕೊಡವರ ಪೀಚೆಕತ್ತಿಗೆ ಬೆಳ್ಳಿ ಕೆಲಸವೇ ಅಂದ.

ಹೆಸರಲ್ಲೇನಿದೆ ಎನ್ನಬೇಡಿ. ಪಟ್ಟಣದಲ್ಲಿ ಯಾಳಿಯನ್ನು ನರಸಿಂಹ ಎಂದು ಹೇಳಿ ಹೆಚ್ಚು ದುಡ್ಡು ಕೀಳುತ್ತಾರೆ. ನಮ್ಮೂರಲ್ಲಿ ಅಟ್ಟದ ಮೇಲಿನ ಅಂಥದ್ದೇ ಕಠಾರಿಯನ್ನು ಹಳೇ ಹಿತ್ತಾಳೆ ಅಂತ ತೂಕಕ್ಕೆ ಹಾಕುತ್ತೇವೆ. ಎರಡೂ ಕಡೆ ಮೋಸ ಹೋಗುವುದು ನೋಡಲು ಬಾರದವನೇ.

ನಿಮ್ಮ ಮನೆಯಲ್ಲೂ ಇದ್ದರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಕೆತ್ತನೆಯ ಗೆರೆ ಇನ್ನಷ್ಟು ಸವೆಯುತ್ತದೆ. ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ. ಅಜ್ಜಿ ತಾತನಿಗೆ ಅದು ಎಲ್ಲಿಂದ ಬಂತು ಎಂದು ಕೇಳಿ ಬರೆದಿಡಿ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆ ಪ್ರಕಾರ ಪ್ರಾಚ್ಯವಸ್ತು. ಅದರ ವ್ಯಾಪಾರ ಮಾಡುವವರ ಬಳಿ ಲೈಸೆನ್ಸ್ ಇರಬೇಕು. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ.

ಗುರುತು ಸಿಗದಿದ್ದರೆ "ಯಾವುದೋ ಪ್ರಾಣಿ" ಎಂದಷ್ಟೇ ಹೇಳಿ. ಅದರಲ್ಲಿ ಅವಮಾನವೇನಿಲ್ಲ. ಕೆತ್ತಿದ ಅಕ್ಕಸಾಲಿ ಹೆಸರು ಬರೆದು ಹೋಗಲಿಲ್ಲ. ಅವನು ಮಾಡಿದ್ದನ್ನಾದರೂ ಸರಿಯಾಗಿ ನೋಡೋಣ.