ಉಳಿದ ಹನ್ನೆರಡು ಮಂದಿ ಎಲ್ಲಿ ಕೂರಬೇಕು?

1980ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಶೈಕ್ಷಣಿಕ ಮೌಲ್ಯಮಾಪನದಲ್ಲಿ 13 ವರ್ಷದ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟಿದ್ದರು. ಸೇನೆಯ ಒಂದು ಬಸ್ಸಿನಲ್ಲಿ 36 ಸೈನಿಕರು ಕೂರಬಹುದು. 1128 ಸೈನಿಕರನ್ನು ತರಬೇತಿ ಸ್ಥಳಕ್ಕೆ ಕರೆದೊಯ್ಯಲು ಎಷ್ಟು ಬಸ್ಸು ಬೇಕು?

1128ನ್ನು 36ರಿಂದ ಭಾಗಿಸಿದರೆ ಭಾಗಲಬ್ಧ 31, ಶೇಷ 12. ಸುಮಾರು ನೂರಕ್ಕೆ 70 ಮಕ್ಕಳು ಈ ಭಾಗಾಕಾರವನ್ನು ಸರಿಯಾಗಿಯೇ ಮಾಡಿದ್ದರು. ಆದರೆ ನೂರಕ್ಕೆ 29 ಮಂದಿ ‘31, ಶೇಷ 12’ ಎಂದೇ ಉತ್ತರ ಬರೆದರು. ಇನ್ನು 18 ಮಂದಿ 31 ಎಂದು ಬರೆದು 12 ಸೈನಿಕರನ್ನು ರಸ್ತೆಯಲ್ಲೇ ಬಿಟ್ಟರು. 32 ಬಸ್ಸು ಬೇಕು ಎಂದವರು ನೂರಕ್ಕೆ 23 ಮಂದಿ ಮಾತ್ರ.

ಗಣಿತ ಕಲಿಸುವವರ ನಡುವೆ ಈ ಲೆಕ್ಕ ಬಹಳ ಪ್ರಸಿದ್ಧ. ‘ಮೊದಲು ಮಗ್ಗಿ ಬಾಯಿಗೆ ಬರಲಿ, ಭಾಗಾಕಾರ ಪಕ್ಕಾ ಆಗಲಿ, ಅರ್ಥ ಆಮೇಲೆ ತಾನಾಗಿ ಬರುತ್ತದೆ’ ಎಂಬ ವಾದವನ್ನು ಮನೆಯಲ್ಲೂ ಶಾಲೆಯಲ್ಲೂ ಟ್ಯೂಷನ್ ತರಗತಿಯಲ್ಲೂ ಕೇಳುತ್ತೇವೆ. ಆ ವಾದಕ್ಕೆ ಈ ಅಂಕಿಗಳೇ ಉತ್ತರ. ಭಾಗಾಕಾರ ಪಕ್ಕಾ ಇದ್ದ ಪ್ರತಿ ಮೂವರಲ್ಲಿ ಸುಮಾರು ಇಬ್ಬರು ಉತ್ತರ ತಪ್ಪಿದರು. ಅರ್ಥ ತಾನಾಗಿ ಬರಲಿಲ್ಲ.

ತಪ್ಪು ಎಲ್ಲಿ ಆಯಿತು? ಮಗು ಕಥೆಯಿಂದ ಎರಡು ಅಂಕಿಗಳನ್ನು ಎತ್ತಿಕೊಂಡಿತು, ಭಾಗಿಸಿತು, ಬಂದದ್ದನ್ನು ಬರೆದು ಕೆಳಗೆ ಗೆರೆ ಎಳೆಯಿತು. ಮತ್ತೆ ಬಸ್‌ ನಿಲ್ದಾಣಕ್ಕೆ ಹೋಗಿ ನೋಡಲಿಲ್ಲ. ಹಾಗೆ ನೋಡಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಭಾಗಾಕಾರದ ಪಾಠದ ಕೊನೆಯಲ್ಲಿ ಬರುವ ಲೆಕ್ಕಗಳೆಲ್ಲ ಭಾಗಾಕಾರದವೇ ಆಗಿರುವಾಗ ಕಥೆಯನ್ನು ಓದುವ ಅಗತ್ಯವಾದರೂ ಏನು? ‘ತಲಾ’, ‘ಪ್ರತಿಯೊಬ್ಬರಿಗೆ’, ‘ಸಮನಾಗಿ’ ಎಂಬ ಪದ ಕಂಡರೆ ಭಾಗಿಸು ಎಂದು ಹಿರಿಯರೇ ಉಪಾಯ ಹೇಳಿಕೊಡುತ್ತಾರೆ. ಉಪಾಯ ಪರೀಕ್ಷೆಯಲ್ಲಿ ಕೆಲಸ ಮಾಡುತ್ತದೆ. ಓದುವ ಅಭ್ಯಾಸವನ್ನು ಮಾತ್ರ ಕೊಲ್ಲುತ್ತದೆ.

ಶೇಷಕ್ಕೆ ತನ್ನದೇ ಆದ ಅರ್ಥವಿಲ್ಲ, ಅರ್ಥ ಕೊಡುವುದು ಕಥೆ. 50ನ್ನು 8ರಿಂದ ಭಾಗಿಸಿದರೆ 6 ಬಂದು 2 ಉಳಿಯುತ್ತದೆ. ದೀಪಾವಳಿಗೆ ಮನೆಯಲ್ಲಿ 50 ಲಾಡು ಕಟ್ಟಿದ್ದಾರೆ, ಒಂದು ಡಬ್ಬಿಗೆ 8 ಹಿಡಿಸುತ್ತದೆ ಎಂದುಕೊಳ್ಳಿ. ನೆಂಟರಿಗೆ ಕೊಡಲು ತುಂಬಿದ ಡಬ್ಬಿ ಎಷ್ಟು ಸಿಗುತ್ತವೆ ಎಂದರೆ ಉತ್ತರ 6. ಎಲ್ಲ ಲಾಡನ್ನೂ ಮುಚ್ಚಿಡಲು ಎಷ್ಟು ಡಬ್ಬಿ ಬೇಕು ಎಂದರೆ 7. ಡಬ್ಬಿ ತುಂಬಿದ ಮೇಲೆ ಮಕ್ಕಳ ಕೈಗೆ ಸಿಗುವುದೆಷ್ಟು ಎಂದರೆ 2. ಲಾಡಿನ ಬದಲು 50 ಮೀಟರ್ ಬಟ್ಟೆಯನ್ನು 8 ಮಂದಿಗೆ ಸಮನಾಗಿ ಹಂಚಿದರೆ ಒಬ್ಬರಿಗೆ ಆರೂಕಾಲು ಮೀಟರ್. ಇಲ್ಲಿ ಉಳಿಯುವುದೇ ಇಲ್ಲ. ಭಾಗಾಕಾರ ಒಂದೇ, ಸರಿಯುತ್ತರ ನಾಲ್ಕು. ಯಾವುದು ಸರಿ ಎಂದು ಅಂಕಿ ಹೇಳುವುದಿಲ್ಲ, ಮಾತು ಹೇಳುತ್ತದೆ.

ಇದು ಹೊಸ ತಿಳಿವಳಿಕೆಯೇನೂ ಅಲ್ಲ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಕಾಡಿನಂಚಿಗೆ ಬಂದ ದಾರಿಹೋಕರ ಲೆಕ್ಕವೊಂದಿದೆ. ಬಾಳೆಹಣ್ಣಿನ 63 ಸಮನಾದ ರಾಶಿಗಳು, ಜೊತೆಗೆ ಬಿಡಿ ಹಣ್ಣು 7. ಇವನ್ನೆಲ್ಲ 23 ದಾರಿಹೋಕರು ಏನೂ ಉಳಿಯದಂತೆ ಸಮನಾಗಿ ಹಂಚಿಕೊಂಡರು. ಒಂದು ರಾಶಿಯಲ್ಲಿ ಎಷ್ಟು ಹಣ್ಣಿತ್ತು?

ಸೂತ್ರ ಗೊತ್ತಿಲ್ಲದ ಮಗುವೂ ಇದನ್ನು ಬಿಡಿಸಬಹುದು. ರಾಶಿಗೆ ಒಂದೇ ಹಣ್ಣಿದ್ದರೆ ಒಟ್ಟು 70. 23 ಮಂದಿಗೆ ಹಂಚಿದರೆ 1 ಉಳಿಯುತ್ತದೆ. ಎರಡಿದ್ದರೆ 133, ಉಳಿಯುವುದು 18. ಮೂರಿದ್ದರೆ 12, ನಾಲ್ಕಿದ್ದರೆ 6, ಐದಿದ್ದರೆ ಸೊನ್ನೆ. ರಾಶಿಗೆ 5 ಹಣ್ಣು, ಒಬ್ಬರಿಗೆ 14. ಇಲ್ಲಿ ಶೇಷವೇ ದಾರಿ ತೋರಿಸುತ್ತದೆ: 18, 12, 6 ಎಂದು ಇಳಿಯುತ್ತಿರುವುದನ್ನು ಕಂಡ ಮಗು ಮುಂದಿನದನ್ನು ಭಾಗಿಸದೆಯೇ ಹೇಳುತ್ತದೆ. ಬಾಳೆಹಣ್ಣನ್ನು ತುಂಡು ಮಾಡಬಾರದು ಎಂಬುದನ್ನೂ ಅದು ಕಥೆಯಿಂದಲೇ ತಿಳಿಯಬೇಕು. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಬರೆದ ಗಣಿತ ಗ್ರಂಥದ ಹೆಸರು ‘ವ್ಯವಹಾರ ಗಣಿತ’. ಲೆಕ್ಕ ಇರುವುದು ವ್ಯವಹಾರಕ್ಕೆ ಎಂಬುದು ಹೆಸರಿನಲ್ಲೇ ಇದೆ.

ಹೊರನಾಡಿನ ಕನ್ನಡ ಮನೆಗಳಿಗೆ ಇಲ್ಲೊಂದು ಅನುಕೂಲವಿದೆ, ಅದನ್ನು ತೊಡಕೆಂದು ಭಾವಿಸುವವರೇ ಹೆಚ್ಚು. ಇಂಥ ಮನೆಗಳ ಬಹುಪಾಲು ಮಕ್ಕಳು ಲೆಕ್ಕವನ್ನು ಓದುವುದು ಇಂಗ್ಲಿಷಿನಲ್ಲಿ. ಸುತ್ತಲ ಭಾಷೆಯಲ್ಲಿ ಶೇಷ ಎನ್ನುವುದು ಪುಣೆಯಲ್ಲಿ ‘ಬಾಕಿ’, ದೆಹಲಿಯಲ್ಲಿ ‘ಶೇಷಫಲ್’, ಚೆನ್ನೈಯಲ್ಲಿ ‘ಮೀದಿ’. ಮನೆಯಲ್ಲಿ ಕನ್ನಡ. ‘ಮೊದಲೇ ಗಣಿತ ಕಷ್ಟ, ಅದರ ಮೇಲೆ ಇಷ್ಟೊಂದು ಭಾಷೆ’ ಎಂದು ತಂದೆತಾಯಿ ಹೋಮ್‌ವರ್ಕಿನ ಹೊತ್ತಿನಲ್ಲಿ ಕನ್ನಡವನ್ನು ಬದಿಗಿಡುತ್ತಾರೆ. ವಾಕ್ಯರೂಪದ ಲೆಕ್ಕದ ಮಟ್ಟಿಗಾದರೂ ಇದಕ್ಕೆ ತಿರುಗಾಮುರುಗಾ ಮಾಡಬೇಕು. ಇಂಗ್ಲಿಷಿನಲ್ಲಿ ಓದಿದ್ದನ್ನು ಪುಸ್ತಕ ಮುಚ್ಚಿಟ್ಟು ಕನ್ನಡದಲ್ಲಿ ಹೇಳು ಎನ್ನಬೇಕು. ಭಾಗಿಸಿದ ಮೇಲೆ ಉತ್ತರವನ್ನೂ ಪೂರ್ತಿ ವಾಕ್ಯದಲ್ಲಿ ಹೇಳಿಸಬೇಕು. ‘ಮೂವತ್ತೊಂದು, ಶೇಷ ಹನ್ನೆರಡು ಬಸ್ಸು ಬೇಕು’ ಎಂದು ಬಾಯಿಬಿಟ್ಟು ಹೇಳುವ ಮಗು ಅರ್ಧದಲ್ಲೇ ನಕ್ಕುಬಿಡುತ್ತದೆ. ಕಾಗದದ ಮೇಲೆ ಸರಿಯಾಗಿ ಕಂಡದ್ದು ನಾಲಿಗೆಗೆ ಸಿಕ್ಕಿಬೀಳುತ್ತದೆ. ಆಮೇಲೆ ಒಂದೇ ಪ್ರಶ್ನೆ ಸಾಕು: ‘ಉಳಿದವರು ಎಲ್ಲಿ ಹೋದರು?’

ಶಿಕ್ಷಕರೂ ಕೆಲವೊಮ್ಮೆ ಲೆಕ್ಕವನ್ನು ತಲೆಕೆಳಗಾಗಿ ಕೊಡಬಹುದು. 50 ಭಾಗಿಸು 8 ಎಂದು ಬರೆದು, ಉತ್ತರ 7 ಬರುವ ಕಥೆಯೊಂದು, 2 ಬರುವ ಕಥೆಯೊಂದು ಕಟ್ಟಲು ಹೇಳಬಹುದು. ಹತ್ತು ಭಾಗಾಕಾರ ಮಾಡಿಸುವುದಕ್ಕಿಂತ ಇದಕ್ಕೆ ಹೆಚ್ಚು ಹೊತ್ತು ಬೇಕು, ತಿದ್ದುವುದೂ ಕಷ್ಟ ಎಂಬುದು ನಿಜ. ನಲವತ್ತು, ಐವತ್ತು ಮಕ್ಕಳ ತರಗತಿಯಲ್ಲಿ ದಿನವೂ ಆಗದ ಮಾತು. ವಾರಕ್ಕೊಂದಾದರೂ ಸಾಕು.

ಇಷ್ಟೆಲ್ಲ ಯಾಕೆ ಎಂದರೆ, ಶಾಲೆಯ ಹೊರಗೆ ಶೇಷ ಎಂದರೆ ಹಲವು ಸಲ ಮನುಷ್ಯರು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯನ್ನು ನೋಡಿ. 1ರಿಂದ 5ನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು; 61ರಿಂದ 90ರವರೆಗೆ ಮೂವರು; 91ರಿಂದ 120ರವರೆಗೆ ನಾಲ್ವರು. 61ನ್ನು 30ರಿಂದ ಭಾಗಿಸಿದರೆ 2, ಶೇಷ 1. ಆ ಒಂದು ಮಗು ಶಾಲೆಗೆ ಸೇರಿದೊಡನೆ ಇನ್ನೊಬ್ಬ ಶಿಕ್ಷಕರು ಬರಬೇಕೆಂದು ಕಾನೂನು ಹೇಳುತ್ತದೆ. ಎಲ್ಲ ಶಾಲೆಗೂ ಅವರು ಬಂದಿದ್ದಾರೆಯೇ ಎಂಬುದು ಬೇರೆ ಮಾತು. ಆದರೆ ಅದನ್ನು ಬರೆದವರು ಶೇಷವನ್ನು ಹೊಡೆದುಹಾಕಲಿಲ್ಲ.

ಮರಾಠಿಯಲ್ಲಿ ಶೇಷಕ್ಕೆ ಹೇಳುವ ‘ಬಾಕಿ’ ಕನ್ನಡಕ್ಕೂ ಬಂದಿದೆ. ನಮ್ಮಲ್ಲಿ ಅದಕ್ಕೆ ಇನ್ನೂ ಸಲ್ಲಬೇಕಾದದ್ದು ಎಂಬ ಅರ್ಥವೂ ಇದೆ. ಮಕ್ಕಳಿಗೆ ಶೇಷವನ್ನು ಕಲಿಸುವಾಗ ಆ ಅರ್ಥವನ್ನೂ ಹೇಳಿಕೊಡುವುದು ಒಳ್ಳೆಯದು. ಮುಂದೆ ಅವರಲ್ಲಿ ಯಾರೋ ಬಸ್ಸುಗಳನ್ನು ಲೆಕ್ಕ ಹಾಕುತ್ತಾರೆ, ಯಾರೋ ಆಸ್ಪತ್ರೆಯ ಹಾಸಿಗೆಗಳನ್ನು. ಹನ್ನೆರಡು ಮಂದಿಗೆ ಇನ್ನೊಂದು ಬಸ್ಸು ಬೇಕೆಂಬುದು ಅವರಿಗೆ ಆಗ ನೆನಪಿರಬೇಕು.