ಸ್ಪ್ಯಾನಿಷ್ ಮೊದಲು ಕಿವಿಗೆ ಬೀಳಲಿ

ಅಮೆರಿಕದ ಮಿಡ್ಲ್ ಸ್ಕೂಲ್ ಎಂದರೆ ಸಾಮಾನ್ಯವಾಗಿ ಆರರಿಂದ ಎಂಟನೆಯ ತರಗತಿ. ಅಲ್ಲಿ ಕಲಿಸುವ ಪರಭಾಷೆಗಳಲ್ಲಿ ಸ್ಪ್ಯಾನಿಷ್‌ನದೇ ದೊಡ್ಡ ಪಾಲು. ಆ ದೇಶದಲ್ಲಿ 4 ಕೋಟಿಗೂ ಹೆಚ್ಚು ಜನ ಮನೆಯಲ್ಲಿ ಆಡುವ ಮಾತು ಅದು. ಹಾಗಿದ್ದೂ ಎರಡು ವರ್ಷ ತರಗತಿಯಲ್ಲಿ ಕೂತೆದ್ದ ಮಕ್ಕಳಲ್ಲಿ ಬಹಳ ಮಂದಿಗೆ ತಮ್ಮ ಹೆಸರು, ವಯಸ್ಸು, ಬಣ್ಣಗಳ ಪಟ್ಟಿ, ಶೌಚಾಲಯಕ್ಕೆ ಹೋಗಲು ಅಪ್ಪಣೆ ಬೇಡುವ ಒಂದು ವಾಕ್ಯ ಇಷ್ಟರ ಆಚೆಗೆ ಬಾಯಿ ಏಳುವುದಿಲ್ಲ. ಇದಕ್ಕೆ ಮಕ್ಕಳನ್ನು ದೂರುವುದು ಸುಲಭ, ವಯಸ್ಸನ್ನು ದೂರುವುದು ಇನ್ನೂ ಸುಲಭ. ದೋಷ ಇರುವುದು ಪಾಠವನ್ನು ಎಲ್ಲಿಂದ ಶುರುಮಾಡುತ್ತಾರೆ ಎಂಬುದರಲ್ಲಿ.

ಭಾಷೆ ಕಲಿಯಲು ಹನ್ನೆರಡು ವರ್ಷವೆಂದರೆ ಆಗಲೇ ತಡವಾಯಿತು ಎಂಬ ನಂಬಿಕೆ ಬಲವಾಗಿದೆ. ಆದರೆ ನೆದರ್‌ಲ್ಯಾಂಡ್ಸ್‌ಗೆ ಹೋಗಿ ನೆಲೆಸಿದ ಇಂಗ್ಲಿಷ್ ಭಾಷಿಕರು ಡಚ್ ಕಲಿತ ಬಗೆಯ ಅಧ್ಯಯನವನ್ನು ಸಂಶೋಧಕರಾದ ಕ್ಯಾಥರಿನ್ ಸ್ನೋ ಮತ್ತು ಮರಿಯನ್ ಹೂಫ್ನಾಗೆಲ್-ಹೋಲೆ 1978ರಲ್ಲಿ ಪ್ರಕಟಿಸಿದಾಗ, ಮೊದಲ ತಿಂಗಳುಗಳಲ್ಲಿ ವೇಗವಾಗಿ ಮುಂದೆ ಹೋದವರು ಪುಟಾಣಿಗಳಲ್ಲ, 12ರಿಂದ 15ರ ವಯಸ್ಸಿನವರು ಮತ್ತು ದೊಡ್ಡವರು ಎಂಬುದು ಕಂಡಿತ್ತು. ಬಾರ್ಸಿಲೋನಾದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಕೆಯನ್ನು ಅಳೆದ ಕಾರ್ಮೆನ್ ಮುನ್ಯೋಸ್ ತಂಡಕ್ಕೂ ಇದೇ ತೋರಿತು: ಕಲಿಕೆಯ ಗಂಟೆಗಳು ಅಷ್ಟೇ ಇದ್ದರೆ 8ಕ್ಕೆ ಶುರುಮಾಡಿದವರಿಗಿಂತ 11ಕ್ಕೆ ಶುರುಮಾಡಿದವರೇ ಮುಂದು. ಈ ವಯಸ್ಸಿನ ಶಕ್ತಿಯನ್ನು ಒಂದು ಕಾಲಕ್ಕೆ ಅಮೆರಿಕದಲ್ಲಿ ಕಾನೂನೇ ಹೆದರಿಕೆಯಿಂದ ಕಂಡಿತ್ತು. ಮೊದಲ ಮಹಾಯುದ್ಧದ ಜರ್ಮನ್ ದ್ವೇಷದಲ್ಲಿ ನೆಬ್ರಾಸ್ಕಾ ರಾಜ್ಯ 1919ರಲ್ಲಿ, ಎಂಟನೆಯ ತರಗತಿ ಪಾಸಾಗದ ಮಗುವಿಗೆ ಪರಭಾಷೆ ಕಲಿಸುವುದೇ ಅಪರಾಧ ಎಂದಿತು. ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿದ್ದು 1923ರಲ್ಲಿ. ಆ ಕಾನೂನು ಕೆಟ್ಟದ್ದು, ಸಂಶಯವಿಲ್ಲ. ಆದರೆ ಅದನ್ನು ಬರೆದವರು ಏಳನೆಯ ತರಗತಿಯ ಮಗುವಿನ ಕಿವಿಯನ್ನು ಇಂದಿನ ಪಠ್ಯಕ್ರಮ ಸಮಿತಿಗಳಿಗಿಂತ ಗಂಭೀರವಾಗಿ ತೆಗೆದುಕೊಂಡಿದ್ದರು!

ಈಗ ಗಂಟೆಗಳ ಲೆಕ್ಕ ನೋಡಿ. ದಿನಕ್ಕೆ 45 ನಿಮಿಷ, ವರ್ಷಕ್ಕೆ 180 ಶಾಲಾ ದಿನ ಎಂದರೆ 135 ಗಂಟೆ. ರಜೆಯ ಮುನ್ನಾದಿನಗಳು, ಪರೀಕ್ಷೆಗಳು ತಿಂದು ಉಳಿಯುವುದು ಅದಕ್ಕೂ ಕಡಿಮೆ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ, ಅಂದರೆ ಕಲಿಯುವುದೇ ಕೆಲಸವಾಗಿರುವ ದೊಡ್ಡವರಿಗೆ, ಸ್ಪ್ಯಾನಿಷ್ ಕೈಗೆ ಹತ್ತಲು 600 ಗಂಟೆಗಿಂತ ಹೆಚ್ಚು ಪಾಠ ಬೇಕೆಂದು ಎಣಿಸುತ್ತದೆ. ಎರಡು ವರ್ಷಕ್ಕೆ 270 ಗಂಟೆಯೂ ಸಿಗದ ಏಳು-ಎಂಟನೆಯ ತರಗತಿಯ ಮಕ್ಕಳಿಗೆ ಮಾತ್ರ ಕ್ರಿಯಾಪದದ ಕೋಷ್ಟಕಗಳು, ‘ಇರು’ ಎಂಬುದಕ್ಕೆ ಎರಡೆರಡು ಧಾತು, ಲಿಂಗಭೇದ, ಎರಡು ಬಗೆಯ ಭೂತಕಾಲ ಎಂದು ಅಧ್ಯಾಯ ಓಡುತ್ತದೆ. ಓಡಿಸುವುದು ಕ್ರೆಡಿಟ್. ಹಲವು ಶಾಲಾ ಜಿಲ್ಲೆಗಳಲ್ಲಿ ಈ ಎರಡು ವರ್ಷ ಸೇರಿ ಹೈಸ್ಕೂಲಿನ ‘ಸ್ಪ್ಯಾನಿಷ್ 1’ಕ್ಕೆ ಸಮ ಎಂದು ಲೆಕ್ಕ. ಹಾಗಾಗಿ ಪುಸ್ತಕ ಮುಗಿಯಲೇಬೇಕು, ಮಗು ಒಂದು ಕತೆ ಕೇಳಿಸಿಕೊಂಡು ನಗುವಷ್ಟು ಕಲಿತಿರಲಿ ಬಿಡಲಿ.

ಕತೆಯ ದಾರಿ ಹೊಸದೇನಲ್ಲ. ಅರ್ಥವಾಗುವ ಮಾತನ್ನು ಹೇರಳವಾಗಿ ಕೇಳಿ, ಓದಿ ಭಾಷೆ ಬರುತ್ತದೆಯೇ ಹೊರತು ನಿಯಮ ಉರುಹೊಡೆದಲ್ಲ ಎಂದು ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶೆನ್ 1980ರ ದಶಕದಲ್ಲಿ ವಾದಿಸಿದರು. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡಿನಲ್ಲಿ ಸ್ಪ್ಯಾನಿಷ್ ಮೇಷ್ಟ್ರಾಗಿದ್ದ ಬ್ಲೇನ್ ರೇ ಅದನ್ನು ತರಗತಿಯ ಆಟವಾಗಿಸಿದರು. ಇದ್ದಾನೆ, ಇದೆ, ಬೇಕು, ಹೋಗುತ್ತಾನೆ ಎಂಬಂಥ ಬೆರಳೆಣಿಕೆಯ ಕ್ರಿಯಾಪದಗಳು ಸಾಕು. ಒಬ್ಬ ಹುಡುಗನಿಗೆ ಹಸು ಬೇಕು. ಅಂಗಡಿಗೆ ಹೋಗುತ್ತಾನೆ. ಹಸು ಇಲ್ಲ, ಬೆಕ್ಕು ಇದೆ. ಅವನಿಗೆ ಬೆಕ್ಕು ಬೇಕೋ ಹಸು ಬೇಕೋ? ಮೇಷ್ಟ್ರು ಸ್ಪ್ಯಾನಿಷ್‌ನಲ್ಲಿ ಕೇಳುತ್ತಾರೆ, ತರಗತಿ ಒಟ್ಟಾಗಿ ‘ಬಾಕಾ!’ (ಹಸು!) ಎಂದು ಕೂಗುತ್ತದೆ. ಒಂದೇ ಪದದ ಉತ್ತರ, ಅದೂ ಗುಂಪಿನಲ್ಲಿ. ದನಿ ಒಡೆಯುತ್ತಿರುವ, ಪಕ್ಕದವರು ನಕ್ಕಾರು ಎಂದು ಸದಾ ಅಳುಕುವ ವಯಸ್ಸಿಗೆ ಇದಕ್ಕಿಂತ ದೊಡ್ಡ ದಯೆ ಇಲ್ಲ. ಒಬ್ಬಂಟಿಯಾಗಿ ಎದ್ದು ನಿಂತು ಸಂವಾದ ಒಪ್ಪಿಸು ಎನ್ನುವುದು ಆ ಮಗುವಿಗೆ ಭಾಷೆಯ ಪರೀಕ್ಷೆಯಲ್ಲ, ಮಾನದ ಪರೀಕ್ಷೆ.

ಈ ಪಂಥದವರಲ್ಲೂ ಹಟವಿದೆ. ವ್ಯಾಕರಣವೆಂದರೆ ಮೈಲಿಗೆ ಎನ್ನುವವರಿದ್ದಾರೆ, ಅದು ಅತಿ. ನೂರು ಸಲ ಕಿವಿಗೆ ಬಿದ್ದ ವಾಕ್ಯಕ್ಕೆ ನಿಯಮವನ್ನು ಎರಡು ನಿಮಿಷದಲ್ಲಿ ಬಿಡಿಸಿ ಹೇಳಿದರೆ ಹದಿಮೂರರ ಬುದ್ಧಿ ಅದನ್ನು ಖುಷಿಯಿಂದ ಹಿಡಿಯುತ್ತದೆ. ಪಾಠದ ಶೇ. 90ರಷ್ಟು ಕಲಿಸುವ ಭಾಷೆಯಲ್ಲೇ ನಡೆಯಬೇಕು ಎಂದು ಅಲ್ಲಿನ ಭಾಷಾ ಶಿಕ್ಷಕರ ಮಂಡಳಿ 2010ರಲ್ಲಿ ಹೇಳಿತು. ಒಳ್ಳೆಯದೇ, ಆದರೆ ಅರ್ಥವಾಗದ ಶೇ. 90 ಬರೀ ಗದ್ದಲ.

ಇನ್ನೊಂದು ಗುಂಪು ಅದೇ ಕೋಣೆಯಲ್ಲಿದೆ. ಕ್ಯಾಲಿಫೋರ್ನಿಯಾ, ಟೆಕ್ಸಸ್‌ಗಳಲ್ಲಿ ಮೆಕ್ಸಿಕೋ ಮೂಲದ ಮನೆಗಳಿಂದ ಬಂದ, ಸ್ಪ್ಯಾನಿಷ್ ಮಾತಾಡಬಲ್ಲ, ಆದರೆ ಬರೆಯಲಾರದ ಮಕ್ಕಳು. ಅವರಿಗೂ ಬಣ್ಣಗಳ ಪಟ್ಟಿಯನ್ನೇ ಕೊಡುವುದು ಕಾಲಹರಣ. ಕಾರಿಗೆ ‘ಕಾರೊ’ ಎಂದರೆ ಪುಸ್ತಕದಲ್ಲಿರುವುದು ‘ಕೊಚೆ’ ಎಂದು ಗೀಟು ಹಾಕುವುದು ಅವಮಾನ. ಧಾರವಾಡದ ಹುಡುಗನ ಕನ್ನಡವನ್ನು ಮೈಸೂರಿನ ಪುಸ್ತಕ ಹಿಡಿದು ತಿದ್ದಿದ ಹಾಗೆ. ಅವರಿಗೆ ಓದು-ಬರಹದ ಬೇರೆ ತರಗತಿಯೇ ಬೇಕು.

ಅಮೆರಿಕದ ಕನ್ನಡಿಗರ ಮಕ್ಕಳೂ ಆರನೆಯ ತರಗತಿಯಲ್ಲಿ ಸ್ಪ್ಯಾನಿಷ್ ಆರಿಸಿಕೊಳ್ಳುವುದುಂಟು. ಮನೆಯಲ್ಲಿ ಕನ್ನಡ ಕೇಳಿ ಬೆಳೆದ ಮಗುವಿಗೆ ಒಂದು ಅನುಕೂಲವಿದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ‘ಮೆ ಗುಸ್ತಾ’, ‘ಮೆ ದುವೆಲೆ ಲಾ ಕಬೇಸಾ’ ಎಂಬ ವಾಕ್ಯಗಳ ಮುಂದೆ ಇಂಗ್ಲಿಷ್ ಮಾತ್ರ ಬಲ್ಲ ಮಗು ತಡವರಿಸುತ್ತದೆ. ‘ನನಗೆ ಇಷ್ಟ’, ‘ನನಗೆ ತಲೆ ನೋಯುತ್ತದೆ’ ಎನ್ನುವ ಮಗುವಿಗೆ ಆ ಕಟ್ಟು ಮನೆಯದೇ. ‘ತೂ’ ಮತ್ತು ‘ಉಸ್ತೆದ್’ ವ್ಯತ್ಯಾಸ, ಅಜ್ಜಿಗೆ ‘ನೀವು’ ಎಂದು ಬಲ್ಲವರಿಗೆ ಪಾಠವೇ ಅಲ್ಲ. ಕ್ರಿಯಾಪದದ ತುದಿಯಲ್ಲೇ ಕರ್ತೃ ಅಡಗಿರುವುದೂ, ಹಲ್ಲಿಗೆ ನಾಲಿಗೆ ತಾಗಿಸುವ ‘ತ’, ‘ದ’ಗಳೂ ಹಾಗೆಯೇ. ಸ್ಪ್ಯಾನಿಷ್ ಅಂಕ ಕಡಿಮೆಯಾದೀತೆಂದು ವಾರಾಂತ್ಯದ ಕನ್ನಡ ತರಗತಿ ಬಿಡಿಸುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ಶಿಕ್ಷಕರ ಭೇಟಿಯ ದಿನಕ್ಕಾಗಿ ತಂದೆತಾಯಿಗಳಲ್ಲಿ ನನ್ನದೊಂದು ಕೋರಿಕೆ. ಎಷ್ಟನೆಯ ಅಧ್ಯಾಯ ನಡೆಯುತ್ತಿದೆ ಎಂದು ಕೇಳಬೇಡಿ. ಪಿರಿಯಡ್ಡಿನಲ್ಲಿ ಎಷ್ಟು ನಿಮಿಷ ಮಕ್ಕಳಿಗೆ ಅರ್ಥವಾಗುವ ಸ್ಪ್ಯಾನಿಷ್ ಕೇಳಿಸುತ್ತದೆ, ಕೋಣೆಯ ಕಪಾಟಿನಲ್ಲಿ ಅವರು ತಾವೇ ಓದಬಲ್ಲ ಸಣ್ಣ ಕತೆಪುಸ್ತಕಗಳು ಎಷ್ಟಿವೆ, ಈ ಎರಡನ್ನು ಕೇಳಿ.